ಸಹಾಯ ಬೇಕು: ಹರಕೆಯ ಬಳೆಗಳು ಈಗ ನನ್ನಲ್ಲಿಲ್ಲ

ಅಸ್ಸಲಾಮು ಅಲೈಕುಂ. ತಾಯಿಯ ಕಾಯಿಲೆ ವಾಸಿಯಾದರೆ ಕೈಯಲ್ಲಿರುವ ಎರಡು ಚಿನ್ನದ ಬಳೆಗಳನ್ನು ಬಡವರಿಗೆ ಸದಕಾ (ದಾನ) ಕೊಡುತ್ತೇನೆಂದು, ಅವರ ಹಾಸಿಗೆಯ ಪಕ್ಕದಲ್ಲಿ ಬಾಯಿಬಿಟ್ಟು ಹೇಳಿಯೇ ನಜ್ರ್ (ಹರಕೆ) ಹೊತ್ತಿದ್ದೆ. ಅಲ್‌ಹಮ್ದುಲಿಲ್ಲಾಹ್, ಅವರು ಗುಣವಾದರು. ಆದರೆ ಅದಕ್ಕೂ ಮೊದಲೇ ಚಿಕಿತ್ಸೆಯ ಖರ್ಚಿಗೆ ಬೇರೆ ದಾರಿ ಕಾಣದೆ ಅದೇ ಬಳೆಗಳನ್ನು ಮಾರಿಬಿಟ್ಟಿದ್ದೆ.

ಈಗ ಮಾರಿದಷ್ಟೇ ಹಣವನ್ನು ಕೂಡಿಸಿ ಲಕೋಟೆಯಲ್ಲಿಟ್ಟಿದ್ದೇನೆ, ಚಿನ್ನದ ಬೆಲೆಯೋ ಏರಿದೆ. ವಿಚಾರಿಸಿದ ಇಬ್ಬರು ಉಲಮಾಗಳಲ್ಲಿ (ಧರ್ಮವಿದ್ವಾಂಸರಲ್ಲಿ) ಒಬ್ಬರು ಅಷ್ಟು ಸಾಕೆಂದರು, ಇನ್ನೊಬ್ಬರು ಅಷ್ಟೇ ತೂಕದ ಚಿನ್ನದ ಇಂದಿನ ಬೆಲೆ ಕೊಡಬೇಕೆಂದರು. ಪ್ರತಿಜ್ಞೆ ಮುರಿದರೆ ಹತ್ತು ಬಡವರಿಗೆ ಊಟ ಅಥವಾ ಬಟ್ಟೆ, ಅದಾಗದಿದ್ದರೆ ಮೂರು ದಿನ ಉಪವಾಸವೆಂಬ ಪ್ರಾಯಶ್ಚಿತ್ತ ಕುರ್‌ಆನ್‌ನಲ್ಲಿ (5:89) ಇದೆಯೆಂದು ಬಲ್ಲೆ. ನನಗೆ ಬೇಕಿರುವುದು ಹರಕೆಯನ್ನು ಪೂರ್ತಿ ತೀರಿಸುವ ದಾರಿ.

ಶಾಫಿ ಮದ್‌ಹಬ್‌ನ (ಇಸ್ಲಾಮಿನ ಧರ್ಮಶಾಸ್ತ್ರದ ಒಂದು ಪಂಥದ) ಪ್ರಕಾರ ನಾನು ಕೊಡಬೇಕಾದದ್ದು ಮಾರಿದ ದಿನದ ಬೆಲೆಯೋ, ಕೊಡುವ ದಿನದ ಬೆಲೆಯೋ? ತಿಳಿದವರು ದಯವಿಟ್ಟು ಆಧಾರಸಹಿತ ತಿಳಿಸಿ.