ಮಿನಿ ರ‍್ಯಾಂಪಿನಲ್ಲಿ ಫ್ರಂಟ್‌ಸೈಡ್ ಸ್ಟಾಲ್: ಹತ್ತುವುದು ಬಂತು, ಇಳಿಯುವುದು ಬರುತ್ತಿಲ್ಲ

ಪ್ರಶ್ನೆ: ಮಂಡ್ಯದ ಸದಸ್ಯರೊಬ್ಬರಿಂದ

ನಮಸ್ಕಾರ ಮೇಡಂ. ನಾನು ಮಂಡ್ಯದ ಪಕ್ಕದ ಹಳ್ಳಿಯವನು, ವಯಸ್ಸು 26. ನಮ್ಮ ಆಲೆಮನೆಯ ಗಾಣ ನಿಂತು ಕೆಲವು ವರ್ಷಗಳಾಗಿವೆ. ಖಾಲಿ ಬಿದ್ದಿದ್ದ ಆ ಶೆಡ್ಡಿನೊಳಗೆ ಚಿಕ್ಕಪ್ಪನ ಮಗನೊಡನೆ ಸೇರಿ ಕಳೆದ ಬೇಸಿಗೆಯಲ್ಲಿ ಸ್ಕೇಟ್‌ಬೋರ್ಡ್ ಆಡಲು ಪ್ಲೈವುಡ್ಡಿನ ಬಾಗಿದ ಇಳಿಜಾರಿನ ಮಿನಿ ರ‍್ಯಾಂಪ್ ಕಟ್ಟಿಕೊಂಡೆ. ಎತ್ತರ 3 ಅಡಿ, ಅಗಲ 8 ಅಡಿ, ಬಾಗಿನ ತ್ರಿಜ್ಯ 6 ಅಡಿ. ಮೇಲಂಚಿನ ಕೋಪಿಂಗ್‌ಗೆ 2 ಇಂಚಿನ ಜಿ.ಐ. ಪೈಪ್ ಕೂರಿಸಿದ್ದೇವೆ. ನಾನು ಎಡಗಾಲು ಮುಂದಿಟ್ಟು ನಿಲ್ಲುವವನು. ಡ್ರಾಪ್ ಇನ್ (ಮೇಲಂಚಿನಿಂದ ಇಳಿಜಾರಿಗೆ ಇಳಿಯುವುದು), ಎರಡೂ ಕಡೆಯ ಕಿಕ್‌ಟರ್ನ್ (ಹಿಂದಿನ ಚಕ್ರಗಳ ಮೇಲೆ ತಿರುಗುವುದು), ರಾಕ್ ಟು ಫೇಕಿ (ಮುಂದಿನ ಚಕ್ರಗಳನ್ನು ಪೈಪ್ ದಾಟಿಸಿ, ತಿರುಗದೆ ಹಿಮ್ಮುಖವಾಗಿ ಇಳಿಯುವುದು), ಬ್ಯಾಕ್‌ಸೈಡ್ ಆಕ್ಸಲ್ ಸ್ಟಾಲ್ (ಬೋರ್ಡನ್ನು ಪೈಪಿನ ಉದ್ದಕ್ಕೆ ಕೂರಿಸಿ ಗಳಿಗೆ ನಿಲ್ಲುವುದು) ಎಲ್ಲವೂ ಬರುತ್ತವೆ. ಫ್ರಂಟ್‌ಸೈಡ್ ಆಕ್ಸಲ್ ಸ್ಟಾಲ್ ಮಾತ್ರ ಎರಡು ತಿಂಗಳಿಂದ ಕೈಗೆ ಹತ್ತುತ್ತಿಲ್ಲ. ಹತ್ತು ಸಲ ಪ್ರಯತ್ನಿಸಿದರೆ ಆರೇಳು ಸಲ ಎರಡೂ ಟ್ರಕ್‌ಗಳು (ಬೋರ್ಡಿನಡಿ ಚಕ್ರಗಳನ್ನು ಹಿಡಿದಿರುವ ಲೋಹದ ಅಚ್ಚುಗಳು) ಪೈಪಿನ ಮೇಲೆ ಕೂರುತ್ತವೆ, ಆದರೆ ಇಳಿಯಲು ಹೊರಟೊಡನೆ ಮುಂದಿನ ಚಕ್ರ ಪೈಪಿಗೆ ಸಿಕ್ಕಿಕೊಂಡು ಬೆನ್ನು ಕೆಳಗಾಗಿ ತಳಕ್ಕೆ ಬೀಳುತ್ತೇನೆ. ಕಳೆದ ವಾರ ಎರಡು ಸಲ ಅಂಗೈ ಊರಿ ಬಿದ್ದು ಬಲ ಮಣಿಕಟ್ಟು ಊದಿಕೊಂಡಿದೆ. ಈಗ ಹೆದರಿಕೆಯಿಂದ ಇಳಿಯುವುದನ್ನೇ ಬಿಟ್ಟು ಡೆಕ್ಕಿನ (ಪೈಪಿನಾಚೆಯ ಸಮತಟ್ಟಾದ ಕಟ್ಟೆಯ) ಮೇಲೆ ಕಾಲಿಟ್ಟುಬಿಡುತ್ತೇನೆ. ತಪ್ಪು ಎಲ್ಲಿದೆ ಎಂದು ದಯವಿಟ್ಟು ತಿಳಿಸಿ.

ಉತ್ತರ: ಸ್ಕೇಟ್‌ಬೋರ್ಡ್ ತರಬೇತುದಾರರು, ಮೈಸೂರು

ನಮಸ್ಕಾರ. ಮೊದಲು ಆ ಮಣಿಕಟ್ಟನ್ನು ವೈದ್ಯರಿಗೆ ತೋರಿಸಿ, ಅವರು ಸರಿ ಎನ್ನುವವರೆಗೆ ಬೋರ್ಡ್ ಹತ್ತಬೇಡಿ. ನಮ್ಮ ಗುಂಪಿನಲ್ಲಿರುವ ಮೂಳೆ ತಜ್ಞರು ಅದರ ಬಗ್ಗೆ ಬರೆಯಲಿ ಎಂದು ಕೇಳಿಕೊಂಡಿದ್ದೇನೆ.

ಇನ್ನು ಸ್ಟಾಲ್ ವಿಷಯ. ಹತ್ತುವುದನ್ನು ಮೊದಲು ಕಲಿತು ಇಳಿಯುವುದನ್ನು ಆಮೇಲೆ ನೋಡಿಕೊಳ್ಳೋಣ ಎಂದು ಹೊರಟವರೆಲ್ಲ ನೀವು ನಿಂತಿರುವ ಜಾಗದಲ್ಲೇ ಬಂದು ನಿಲ್ಲುತ್ತಾರೆ. ನಾನು ಕಲಿಸುವಾಗ ಈ ಕ್ರಮವನ್ನು ತಿರುಗಿಸುತ್ತೇನೆ: ಇಳಿಯುವುದು ಮೊದಲು, ಹತ್ತುವುದು ಆಮೇಲೆ. ಬ್ಯಾಕ್‌ಸೈಡ್‌ನಲ್ಲಿ ಈ ತೊಂದರೆ ಇರಲಿಲ್ಲ, ಏಕೆಂದರೆ ಅಲ್ಲಿ ಪೈಪಿನ ಮೇಲೆ ನಿಂತಾಗ ನಿಮ್ಮ ಬೆನ್ನು ಡೆಕ್ಕಿನ ಕಡೆಗೂ ಮುಖ ರ‍್ಯಾಂಪಿನ ಕಡೆಗೂ ಇರುತ್ತದೆ. ಇಳಿಯಬೇಕಾದ ಜಾಗ ಕಣ್ಣೆದುರಿಗೇ ಇರುತ್ತದೆ. ಫ್ರಂಟ್‌ಸೈಡ್‌ನಲ್ಲಿ ಹಿಮ್ಮಡಿಯ ಕಡೆಗೆ ವಾಲಿ ಎಡಕ್ಕೆ ತಿರುಗಿ ಮೇಲೇರುವುದರಿಂದ ಎದೆ ಡೆಕ್ಕಿನ ಕಡೆಗಿರುತ್ತದೆ, ಇಳಿಜಾರು ಪೂರ್ತಿ ಬೆನ್ನ ಹಿಂದೆ ಹೋಗುತ್ತದೆ. ಈ ಹೆಸರುಗಳು ಸರ್ಫಿಂಗ್‌ನಿಂದ ಬಂದವು: ಅಲೆಯ ಗೋಡೆ ಎದೆಯ ಕಡೆಗಿದ್ದರೆ ಫ್ರಂಟ್‌ಸೈಡ್, ಬೆನ್ನ ಕಡೆಗಿದ್ದರೆ ಬ್ಯಾಕ್‌ಸೈಡ್. ಕೋಪಿಂಗ್ ಎಂಬ ಮಾತು ಈಜುಕೊಳದ ಅಂಚುಕಲ್ಲಿನದು. 1976–77ರ ಬರದಲ್ಲಿ ಕ್ಯಾಲಿಫೋರ್ನಿಯಾದ ಒಣಗಿದ ಈಜುಕೊಳಗಳಿಗೆ ಇಳಿದ ಹುಡುಗರು ಆ ಅಂಚಿನ ಮೇಲೆಯೇ ಟ್ರಕ್ ಉಜ್ಜುತ್ತಿದ್ದರು.

ಕಾಣದ ಕಡೆಗೆ ಬೆನ್ನು ಹಾಕಿ ಇಳಿಯಲು ಮೈ ಒಪ್ಪುವುದಿಲ್ಲ. ಒಪ್ಪದ ಮೈ ಏನು ಮಾಡುತ್ತದೆಂದರೆ, ಕಣ್ಣನ್ನು ಪೈಪಿನ ಮೇಲೆಯೇ ನೆಟ್ಟು, ಭಾರವನ್ನು ಡೆಕ್ಕಿನ ಕಡೆ ಉಳಿಸಿಕೊಂಡು, ಕಾಲಿನಿಂದ ಮಾತ್ರ ಬೋರ್ಡನ್ನು ತಿರುಗಿಸಲು ನೋಡುತ್ತದೆ. ಆಗ ಮುಂದಿನ ಟ್ರಕ್ ಸಾಕಷ್ಟು ಏಳುವುದಿಲ್ಲ. ನಿಮ್ಮ ಕಾಲ್ಬೆರಳ ಕಡೆಯ ಚಕ್ರ ಡೆಕ್ಕಿನ ಮೇಲಿರುತ್ತದೆಯಲ್ಲವೇ, ಅದು ಪೈಪನ್ನು ದಾಟಿ ಬರಬೇಕು. ದಾಟದೆ ಸಿಕ್ಕಿಕೊಂಡರೆ ಬೋರ್ಡ್ ಅಲ್ಲೇ ನಿಲ್ಲುತ್ತದೆ, ನೀವು ಮಾತ್ರ ಕೆಳಗೆ ಹೋಗುತ್ತೀರಿ. ನಮ್ಮಲ್ಲಿ ಇದಕ್ಕೆ ಹ್ಯಾಂಗ್ ಅಪ್ ಎನ್ನುತ್ತೇವೆ. ಆದ್ದರಿಂದ ನಿಮ್ಮ ತಪ್ಪು ಕಾಲಿನಲ್ಲಿಲ್ಲ, ಕುತ್ತಿಗೆಯಲ್ಲಿದೆ.

ಮಣಿಕಟ್ಟು ವಾಸಿಯಾದ ಮೇಲೆ ಹೀಗೆ ಮಾಡಿ. ಉರುಳಿಕೊಂಡು ಬರುವುದನ್ನು ಒಂದು ವಾರ ಪೂರ್ತಿ ಬಿಡಿ. ಬೋರ್ಡನ್ನು ಕೈಯಿಂದಲೇ ಪೈಪಿನ ಮೇಲೆ ಎರಡೂ ಟ್ರಕ್ ಕೂರುವಂತೆ ಇಟ್ಟು, ಡೆಕ್ಕಿನ ಕಡೆಗೆ ಮುಖ ಮಾಡಿ ಅದರ ಮೇಲೆ ನಿಲ್ಲಿ. ಹಿಂದಿನ ಕಾಲು ಟೇಲಿನ (ಬೋರ್ಡಿನ ಹಿಂತುದಿಯ) ಮೇಲೆ, ಮುಂದಿನ ಕಾಲು ಮುಂದಿನ ಬೋಲ್ಟ್‌ಗಳ ಮೇಲೆ ಅಥವಾ ಅವುಗಳಿಗೆ ತುಸು ಹಿಂದೆ ಇರಲಿ. ನಿಮ್ಮ ಚಿಕ್ಕಪ್ಪನ ಮಗ ಡೆಕ್ಕಿನ ಮೇಲೆ ನಿಮ್ಮೆದುರು ನಿಂತು ಎರಡೂ ಕೈ ಹಿಡಿದುಕೊಳ್ಳಲಿ. ಎದುರುಬದುರು ನಿಂತು ಹಿಡಿಯಲು ಆಗುವುದು ಫ್ರಂಟ್‌ಸೈಡ್‌ನಲ್ಲಿರುವ ದೊಡ್ಡ ಅನುಕೂಲ. ಈಗ ಕಾಲನ್ನು ಅಲುಗಿಸದೆ ಮೊದಲು ತಲೆಯನ್ನು ಎಡ ಭುಜದ ಮೇಲಿಂದ ಹಿಂದಕ್ಕೆ ತಿರುಗಿಸಿ, ತಳದ ಸಮತಟ್ಟಾದ ಜಾಗ ಕಾಣುವವರೆಗೆ. ಅದು ಕಂಡ ಮೇಲೆ ಎಡಗೈ ಬಿಡಿಸಿಕೊಂಡು ಅದೇ ಕಡೆಗೆ ಚಾಚಿ. ಭುಜ ತೆರೆದುಕೊಳ್ಳುತ್ತದೆ, ಸೊಂಟ ಅದನ್ನು ಹಿಂಬಾಲಿಸುತ್ತದೆ. ಆ ಗಳಿಗೆಯಲ್ಲಿ ಟೇಲನ್ನು ಒತ್ತಿ ಬೋರ್ಡಿನ ಮೂಗನ್ನು (ಮುಂತುದಿಯನ್ನು) ನಾಲ್ಕು ಬೆರಳಿನಷ್ಟು ಎತ್ತಿ, ಎಡಕ್ಕೆ ತೂಗಿ, ಮುಂದಿನ ಎರಡೂ ಚಕ್ರಗಳನ್ನು ಇಳಿಜಾರಿನ ಮೇಲೆ ಊರಿಬಿಡಿ. ಊರಿದೊಡನೆ ಭಾರವೆಲ್ಲ ಮುಂದಿನ ಮೊಣಕಾಲಿನ ಮೇಲೆ ಬರಬೇಕು; ಇದು ಡ್ರಾಪ್ ಇನ್‌ನಲ್ಲಿ ನೀವು ಈಗಾಗಲೇ ಕಲಿತಿರುವುದೇ. ಬಲಗೈ ಹಿಡಿದಿರುವವರು ಚಕ್ರ ಊರಿದ ಕ್ಷಣದಲ್ಲಿ ಬಿಟ್ಟುಬಿಡಬೇಕು. ಅವರು ಹೆದರಿ ತಮ್ಮ ಕಡೆಗೆ ಎಳೆದರೆ ಭಾರ ಹಿಂದಕ್ಕೆ ಹೋಗಿ ಬೋರ್ಡ್ ಮುಂದಕ್ಕೆ ಜಾರುತ್ತದೆ, ನೀವು ಬಾಲಮೂಳೆಯ ಮೇಲೆ ಕೂರುತ್ತೀರಿ. ಈ ಮಾತನ್ನು ಅವರಿಗೆ ಎರಡು ಸಲ ಹೇಳಿ.

ಕೈ ಹಿಡಿದು ಇಪ್ಪತ್ತು ಸಲ, ಹಿಡಿಯದೆ ಇಪ್ಪತ್ತು ಸಲ ಇಳಿದ ಮೇಲೆ ಹತ್ತುವುದಕ್ಕೆ ಹೋಗಿ. ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೂ 3 ಅಡಿ ಮೇಲೇರಲು ತಳದಲ್ಲಿ ಗಂಟೆಗೆ ಸುಮಾರು 15 ಕಿಲೋಮೀಟರ್ ವೇಗ ಬೇಕು. ಅದನ್ನು ಪಂಪ್ ಮಾಡಿ ತನ್ನಿ: ಉಯ್ಯಾಲೆಯಲ್ಲಿ ನಿಂತು ಜೀಕುವಾಗ ಕುಳಿತು ಏಳುವಂತೆ, ಸಮತಟ್ಟಿನಲ್ಲಿ ಮೊಣಕಾಲು ಮಡಿಸಿ, ಬಾಗಿನೊಳಗೆ ಹೋದಾಗ ಕಾಲನ್ನು ಒತ್ತಿ ನಿಗುರಿಸಬೇಕು. ಪೈಪಿಗೆ ನೇರವಾಗಿ ಹೋಗದೆ ತುಸು ಓರೆಯಾಗಿ ಹೋದರೆ ಅರ್ಧ ತಿರುವು ದಾರಿಯಲ್ಲೇ ಮುಗಿದಿರುತ್ತದೆ. ಮೇಲೆ ಹಿಂದಿನ ಟ್ರಕ್ ಮೊದಲು ಕೂರಬೇಕು, ಮುಂದಿನದು ಆಮೇಲೆ. ಕಿವಿಗೊಟ್ಟು ಕೇಳಿ, ಲೋಹದ ಸದ್ದು ಎರಡು ಸಲ ಬರಬೇಕು. ಒಂದೇ ಸಲ ಬಂದರೆ ಬೋರ್ಡನ್ನು ಪೈಪಿನ ಮೇಲೆ ಎಸೆಯುತ್ತಿದ್ದೀರಿ ಎಂದು ಅರ್ಥ, ಆಗ ಭಾರ ಎಲ್ಲಿದೆ ಎಂಬುದು ನಿಮಗೇ ತಿಳಿಯುವುದಿಲ್ಲ. ಎರಡನೆಯ ಸದ್ದು ಬರುವಷ್ಟರಲ್ಲಿ ತಲೆ ಎಡಕ್ಕೆ ತಿರುಗಲು ಆರಂಭಿಸಿರಬೇಕು.

ಇನ್ನೊಂದು ಅನುಮಾನವಿದೆ. 3 ಅಡಿ ಎತ್ತರಕ್ಕೆ 6 ಅಡಿ ತ್ರಿಜ್ಯ ಇಟ್ಟಿರುವುದರಿಂದ ತುದಿಯಲ್ಲಿ ಇಳಿಜಾರು 60 ಡಿಗ್ರಿ ಬರುತ್ತದೆ, ಅದು ಕಲಿಯಲು ತಕ್ಕದ್ದೇ. ಆದರೆ 2 ಇಂಚಿನ ಪೈಪಿನ ಹೊರವ್ಯಾಸ ಸುಮಾರು 60 ಮಿಲಿಮೀಟರ್. ಅದನ್ನು ಎಷ್ಟು ಒಳಗೆ ಕೂರಿಸಿದ್ದೀರಿ ಎಂಬುದು ಮುಖ್ಯ. ಡೆಕ್ಕಿನ ಮಟ್ಟದಿಂದ ಪೈಪಿನ ನೆತ್ತಿ ಎಷ್ಟು ಮೇಲಿದೆ ಎಂದು ಸ್ಕೇಲ್ ಇಟ್ಟು ಅಳೆದು ತಿಳಿಸಿ.

ಹೆಲ್ಮೆಟ್, ನೀಪ್ಯಾಡ್, ಎಲ್ಬೋಪ್ಯಾಡ್‌ಗಳ ಜೊತೆ ರಿಸ್ಟ್‌ಗಾರ್ಡ್ ಕಡ್ಡಾಯ. ಫ್ರಂಟ್‌ಸೈಡ್‌ನಲ್ಲಿ ಬೀಳುವುದು ಹಿಂದಕ್ಕೆ, ಹಿಂದಕ್ಕೆ ಬಿದ್ದವರು ಕೈ ಊರಿಯೇ ಊರುತ್ತಾರೆ. ನಾನು ಕಲಿಯುವ ಕಾಲದಲ್ಲಿ ರಿಸ್ಟ್‌ಗಾರ್ಡ್ ಇಲ್ಲದೆ ಇದೇ ಸ್ಟಾಲಿನಲ್ಲಿ ಎಡ ಮಣಿಕಟ್ಟು ಮುರಿದುಕೊಂಡು ಮೂರು ತಿಂಗಳು ಬೋರ್ಡ್ ಮುಟ್ಟಲಿಲ್ಲ.

ಸೇರ್ಪಡೆ: ಮೂಳೆ ತಜ್ಞರು, ಮೈಸೂರು

ಅಂಗೈ ಊರಿ ಬಿದ್ದು ಊತ ಬಂದಾಗ ನಾವು ಎರಡು ಜಾಗ ನೋಡುತ್ತೇವೆ. ಒಂದು, ಮುಂಗೈ ಮೂಳೆಯ ತುದಿ. ಅದು ಮುರಿದಿದ್ದರೆ ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುತ್ತದೆ. ಇನ್ನೊಂದು, ಹೆಬ್ಬೆರಳ ಬುಡದಲ್ಲಿರುವ ಸ್ಕೇಫಾಯ್ಡ್ ಎಂಬ ಸಣ್ಣ ಮೂಳೆ. ಹೆಬ್ಬೆರಳನ್ನು ಮೇಲೆತ್ತಿ ಹಿಡಿದಾಗ ಅದರ ಬುಡದಲ್ಲಿ ಒಂದು ಗುಳಿ ಕಾಣುತ್ತದೆ. ಅಲ್ಲಿ ಒತ್ತಿದರೆ ನೋವಾಗುವುದಾದರೆ ತಡಮಾಡಬೇಡಿ. ಈ ಮೂಳೆಯ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು, ಹಾಗಾಗಿ ಪಟ್ಟಿ ಹಾಕಿ 10ರಿಂದ 14 ದಿನಗಳ ನಂತರ ಮತ್ತೆ ತೆಗೆಸುವುದುಂಟು. ಇದಕ್ಕೆ ರಕ್ತ ಬೆರಳುಗಳ ಕಡೆಯ ತುದಿಯಿಂದ ಹಿಮ್ಮುಖವಾಗಿ ಹರಿಯುವುದರಿಂದ, ಅಲಕ್ಷಿಸಿದರೆ ಮೂಳೆ ಕೂಡಿಕೊಳ್ಳದೆ ಉಳಿಯಬಹುದು. ಉಳುಕು ತೆಗೆಸುವ ನೆಪದಲ್ಲಿ ಯಾರಿಂದಲೂ ಎಳೆಸಿಕೊಳ್ಳಬೇಡಿ.

ಪ್ರಶ್ನೆ: ಮೈಸೂರು, ಕುವೆಂಪುನಗರದ ಒಬ್ಬ ತಾಯಿ

ನನ್ನ ಮಗಳಿಗೆ 11 ವರ್ಷ. ಅವಳು ಬಲಗಾಲು ಮುಂದಿಟ್ಟು ನಿಲ್ಲುತ್ತಾಳೆ. ಒಲಿಂಪಿಕ್ಸ್ ವಿಡಿಯೊಗಳನ್ನು ನೋಡಿ ತನಗೂ ಈ ಸ್ಟಾಲ್ ಬೇಕೆಂದು ಹಟ ಹಿಡಿದಿದ್ದಾಳೆ. ಈ ವಯಸ್ಸಿಗೆ ಇದು ಬೇಗವಾಯಿತೇ? ಮೇಲೆ ಹೇಳಿರುವುದೆಲ್ಲ ಅವಳಿಗೂ ಹಾಗೆಯೇ ಅನ್ವಯಿಸುತ್ತದೆಯೇ?

ಉತ್ತರ: ತರಬೇತುದಾರರು

ಅಮ್ಮಾ, ವಯಸ್ಸು ಅಡ್ಡಿಯಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಮಹಿಳೆಯರ ಪಾರ್ಕ್ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದ ಜಪಾನಿನ ಕೊಕೊನಾ ಹಿರಾಕಿಗೆ ಆಗ 12 ವರ್ಷ, ಕಂಚು ಗೆದ್ದ ಬ್ರಿಟನ್ನಿನ ಸ್ಕೈ ಬ್ರೌನ್‌ಗೆ 13. ನೋಡಬೇಕಾದದ್ದು ಅವಳಿಗೆ ಈಗ ಏನು ಬರುತ್ತದೆ ಎಂಬುದನ್ನು. ಡ್ರಾಪ್ ಇನ್ ಮತ್ತು ಫ್ರಂಟ್‌ಸೈಡ್ ಕಿಕ್‌ಟರ್ನ್ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುವಂತಾಗಿದ್ದರೆ ಆರಂಭಿಸಬಹುದು. ಕಿಕ್‌ಟರ್ನ್ ಅನ್ನು ದಿನದಿಂದ ದಿನಕ್ಕೆ ಗೇಣುಗೇಣು ಎತ್ತರಿಸಿಕೊಂಡು ಹೋಗಲಿ. ಹಿಂದಿನ ಚಕ್ರ ಪೈಪನ್ನು ಸವರಿ ಬರುವ ದಿನ ಸ್ಟಾಲ್ ಅರ್ಧ ಬಂದಂತೆ.

ಬಲಗಾಲು ಮುಂದಿಡುವವರಿಗೆ ಎಲ್ಲವೂ ಕನ್ನಡಿಯಲ್ಲಿ ನೋಡಿದಂತೆ ತಿರುವುಮುರುವಾಗುತ್ತದೆ. ಅವಳು ಬಲಕ್ಕೆ ತಿರುಗಿ ಹತ್ತಬೇಕು, ಇಳಿಯುವಾಗ ಬಲ ಭುಜದ ಮೇಲಿಂದ ನೋಡಬೇಕು, ಬಲಗೈ ಮೊದಲು ಬಿಡಿಸಿಕೊಳ್ಳಬೇಕು. ಮಕ್ಕಳ ಮೈಭಾರ ಕಡಿಮೆ ಇರುವುದರಿಂದ ಟ್ರಕ್‌ಗಳ ನಟ್ಟನ್ನು ದೊಡ್ಡವರಷ್ಟು ಬಿಗಿ ಮಾಡಬೇಡಿ. ಬಿಗಿಯಾದ ಬೋರ್ಡ್ ಅವಳು ವಾಲಿದರೂ ತಿರುಗುವುದಿಲ್ಲ. ಕೈ ಹಿಡಿಯುವ ಕೆಲಸವನ್ನು ನೀವೇ ಮಾಡಿದರೆ ಒಳ್ಳೆಯದು, ಆದರೆ ಬಿಡಬೇಕಾದಾಗ ಬಿಡಬೇಕು. ತಾಯಂದಿರಿಗೆ ಅದು ಎಷ್ಟು ಕಷ್ಟ ಎಂಬುದನ್ನು ನಾನು ಪ್ರತಿ ಭಾನುವಾರ ನೋಡುತ್ತಿದ್ದೇನೆ.

ಮರುಪ್ರಶ್ನೆ: ಮಂಡ್ಯದ ಸದಸ್ಯರು, ಐದು ವಾರಗಳ ನಂತರ

ಮೇಡಂ, ಸರ್, ಇಬ್ಬರಿಗೂ ಧನ್ಯವಾದಗಳು. ಎರಡು ಸಲ ಎಕ್ಸ್‌ರೇ ತೆಗೆಸಿದೆ, ಮೂಳೆ ಮುರಿದಿಲ್ಲ, ಉಳುಕು ಮಾತ್ರ. ಈಗ ಪೂರ್ತಿ ವಾಸಿಯಾಗಿದೆ. ಪೈಪಿನ ನೆತ್ತಿ ಡೆಕ್ಕಿಗಿಂತ 22 ಮಿಲಿಮೀಟರ್ ಮೇಲಿತ್ತು. ಕೈ ಹಿಡಿದುಕೊಂಡು ನೀವು ಹೇಳಿದಂತೆ ಇಳಿದೆ. ಮೊದಲ ದಿನ ತಲೆ ತಿರುಗಿಸುವುದಕ್ಕೇ ಅರ್ಧ ಗಂಟೆ ಹಿಡಿಯಿತು, ತಳ ಕಂಡ ಮೇಲೆ ಹೆದರಿಕೆ ಅಷ್ಟಿರಲಿಲ್ಲ. ಈಗ ಉರುಳಿಕೊಂಡು ಬಂದು ಹತ್ತರಲ್ಲಿ ನಾಲ್ಕು ಸಲ ಇಳಿಯುತ್ತಿದ್ದೇನೆ. ಉಳಿದ ಆರರಲ್ಲಿ ಮುಂದಿನ ಚಕ್ರ ಸರಿಯಾಗಿ ದಾಟುತ್ತದೆ, ಹಿಂದಿನ ಚಕ್ರ ಸಿಕ್ಕಿಕೊಳ್ಳುತ್ತದೆ.

ಉತ್ತರ: ತರಬೇತುದಾರರು

ಎರಡು ತಿಂಗಳು ಸಿಕ್ಕಿಕೊಂಡಿದ್ದವರು ಹತ್ತರಲ್ಲಿ ನಾಲ್ಕಕ್ಕೆ ಬಂದಿದ್ದೀರಿ, ಓದಿ ಬಹಳ ಸಂತೋಷವಾಯಿತು.

22 ಮಿಲಿಮೀಟರ್ ಹೆಚ್ಚು. ಸುಮಾರು 10 ಮಿಲಿಮೀಟರ್ ಇದ್ದರೆ ಸಾಕು. ಪೈಪು ಅಷ್ಟು ಮೇಲಿದ್ದಾಗ ಡೆಕ್ ಕಡೆಯ ಚಕ್ರಕ್ಕೆ ಊರಲು ನೆಲ ಸಿಗದೆ ಅದು ಪೈಪಿನ ಹಿಂದೆ ತಗ್ಗಿನಲ್ಲಿ ಇಳಿಬಿದ್ದಿರುತ್ತದೆ, ಅಲ್ಲಿಂದ ಏರಿ ದಾಟುವುದು ಯಾರಿಗೂ ಕಷ್ಟ. ಪೈಪನ್ನು ಕೀಳುವ ಕೆಲಸ ಬೇಡ. ಡೆಕ್ಕಿನ ಮೇಲೆ 12 ಮಿಲಿಮೀಟರಿನ ಇನ್ನೊಂದು ಪ್ಲೈ ಹಾಸಿ, ಪೈಪಿಗೆ ಒತ್ತಿ ಕೂರುವಂತೆ ಸ್ಕ್ರೂ ಹಾಕಿಬಿಡಿ. ಲೆಕ್ಕ ಸರಿಯಾಗಿ 10ಕ್ಕೆ ಬರುತ್ತದೆ. ಸ್ಕ್ರೂ ತಲೆಗಳು ಪ್ಲೈ ಮಟ್ಟಕ್ಕಿಂತ ಕೆಳಗಿರಲಿ.

ಹಿಂದಿನ ಚಕ್ರ ಸಿಕ್ಕುವುದಕ್ಕೆ ಇದರ ಹೊರತಾಗಿ ಒಂದೇ ಕಾರಣ: ಮೂಗನ್ನು ಎತ್ತಲು ಟೇಲಿನ ಮೇಲೆ ಹಾಕಿದ ಭಾರವನ್ನು ನೀವು ಅಲ್ಲೇ ಮರೆತಿದ್ದೀರಿ. ಮುಂದಿನ ಚಕ್ರಗಳು ಇಳಿಜಾರನ್ನು ಮುಟ್ಟಿದೊಡನೆ ಹಿಂದಿನ ಕಾಲು ಹಗುರವಾಗಬೇಕು, ಎಡ ಮೊಣಕಾಲು ಕಾಲ್ಬೆರಳುಗಳಿಗಿಂತ ಮುಂದಕ್ಕೆ ಬಾಗಬೇಕು. ಹಿಂದಿನ ಟ್ರಕ್ಕನ್ನು ನೀವು ಎತ್ತಬೇಕಾಗಿಲ್ಲ, ಭಾರ ಹೋದರೆ ಅದು ತಾನಾಗಿ ಉರುಳಿಕೊಂಡು ಪೈಪ್ ದಾಟುತ್ತದೆ. ಇದಕ್ಕಾಗಿ ಮತ್ತೆ ಎರಡು ದಿನ ನಿಂತ ಜಾಗದಿಂದಲೇ ಇಳಿಯುವ ಅಭ್ಯಾಸಕ್ಕೆ ಹೋಗಿ, ಪ್ಲೈ ಹಾಸಿದ ಮೇಲೆ. ಮಳೆಗಾಲದಲ್ಲಿ ಶೆಡ್ಡಿನ ತೇವಕ್ಕೆ ಪೈಪಿನ ಮೇಲೆ ಬೆವರಿನಂತೆ ನೀರು ಕೂರುತ್ತದೆ. ಹತ್ತುವ ಮುನ್ನ ಪ್ರತಿ ಸಲ ಒಣ ಬಟ್ಟೆಯಿಂದ ಒರೆಸಿಕೊಳ್ಳಿ, ಮೇಣವನ್ನು ಸದ್ಯಕ್ಕೆ ಹಚ್ಚಬೇಡಿ.