ಸಹಾಯ ಬೇಕು: ನಾನು ಮಾರಿದ ಹಳೆ ಆಂಪ್ಲಿಫೈಯರ್ ಕೆಟ್ಟಿದೆ, ಜವಾಬ್ದಾರಿ ಯಾರದು?

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿಯವನು. ಜೂನ್ ಮೊದಲ ವಾರ ನನ್ನ ಹಳೆ ಸ್ಟೀರಿಯೊ ಆಂಪ್ಲಿಫೈಯರನ್ನು ವಿರಾಜಪೇಟೆಯ ಒಬ್ಬರಿಗೆ 14,000 ರೂಪಾಯಿಗೆ ಕೊಟ್ಟೆ. ಅವರು ಮನೆಗೇ ಬಂದು, ಒಂದು ಗಂಟೆ ಹಾಡು ಕೇಳಿ, ಖುಷಿಯಿಂದ ತೆಗೆದುಕೊಂಡು ಹೋದರು. ವಾಲ್ಯೂಮ್ ತಿರುಗಿಸುವಾಗ ಕರಕರ ಸದ್ದು ಬರುತ್ತದೆ ಅಂತ ಮೊದಲೇ ಹೇಳಿದ್ದೆ. ಐದು ವಾರ ಆದ ಮೇಲೆ ಈಗ ಎಡಗಡೆ ಚಾನೆಲ್ ಪೂರ್ತಿ ಸತ್ತಿದೆಯಂತೆ, ಆ ಕಡೆಯ ಸ್ಪೀಕರಲ್ಲಿ ಸದ್ದೇ ಇಲ್ಲವಂತೆ. "ಅರ್ಧ ದುಡ್ಡು ವಾಪಸ್ ಕೊಡಿ ಸಾರ್" ಅನ್ನುತ್ತಿದ್ದಾರೆ.

ನಮ್ಮ ಮಳೆಗಾಲ ಗೊತ್ತಲ್ವಾ? ತೇವಕ್ಕೆ ಒಳಗಿನ ರಿಲೇ (ಸ್ಪೀಕರ್ ಸಂಪರ್ಕ ಕೊಡುವ ಸ್ವಿಚ್) ಕಾಂಟ್ಯಾಕ್ಟ್‌ಗೆ ಕಿಲುಬು ಹಿಡಿಯುತ್ತದೆ. ಹಳೆ ಕೆಪಾಸಿಟರ್‌ಗಳು ಒಣಗಿರುತ್ತವೆ. ಸ್ಪೀಕರ್ ವೈರ್ ಶಾರ್ಟ್ ಆದರೂ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ಬಿಚ್ಚಿ ನೋಡದೆ ಹೇಗೆ ಹೇಳೋದು?

1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್ ಓದಿದೆ. ಗುಣಮಟ್ಟದ ಹೊಣೆಯನ್ನು ಅದು ಅದೇ ಮಾಲಿನ ವ್ಯಾಪಾರ ಮಾಡುವವರ ಮೇಲೆ ಹಾಕುತ್ತದೆ. ನಾನು ವ್ಯಾಪಾರಿ ಅಲ್ಲ. ಆದರೆ ದೋಷ ಗೊತ್ತಿದ್ದೂ ಬೇಕಂತಲೇ ಮುಚ್ಚಿಟ್ಟರೆ ಅದು ಮೋಸ, ವ್ಯಾಪಾರಿ ಅಲ್ಲದವರು ಮಾರಿದರೂ ಅಷ್ಟೇ. ನಾನಂತೂ ಏನೂ ಮುಚ್ಚಿಟ್ಟಿಲ್ಲ. ಆದರೂ ಮನಸ್ಸು ಕೇಳುತ್ತಿಲ್ಲ. ಕೊಂಡವರು ನಿವೃತ್ತ ಮೇಷ್ಟ್ರು, ಎಷ್ಟೋ ದಿನ ದುಡ್ಡು ಕೂಡಿಟ್ಟು ತೆಗೆದುಕೊಂಡಿದ್ದರು.

ರಿಪೇರಿ ಖರ್ಚಲ್ಲಿ ಅರ್ಧ ಕೊಟ್ಟರೆ ನ್ಯಾಯ ಆಗುತ್ತದಾ? ಕುಶಾಲನಗರ ಅಥವಾ ಮೈಸೂರು ಕಡೆ ಹಳೆ ಆಂಪ್ಲಿಫೈಯರ್ ಚೆನ್ನಾಗಿ ಬಲ್ಲ ಮೆಕ್ಯಾನಿಕ್ ಇದ್ದರೆ ದಯವಿಟ್ಟು ತಿಳಿಸಿ.