ಸ್ಟ್ರೋಕ್ ಆದವರಿಗೆಲ್ಲ ಎಂಡಿಎ, ಸಿಆರ್‌ಪಿ ಮಾಡಿಸಬೇಕಾ?

ಬಿಳಿಕೋಟು: ಇಸ್ಕೀಮಿಕ್ ಸ್ಟ್ರೋಕ್ (ಮೆದುಳಿನ ರಕ್ತನಾಳ ಕಟ್ಟಿಕೊಂಡು ಆಗೋ ಸ್ಟ್ರೋಕ್) ಆಗಿ ಬಂದವರಿಗೆಲ್ಲ ಮೊದಲ ದಿನವೇ ಮೂರು ರಕ್ತಪರೀಕ್ಷೆ ಮಾಡಿಸಬೇಕು ಅನ್ನೋದು ನನ್ನ ವಾದ: ಉರಿಯೂತ ತೋರಿಸೋ ಸಿಆರ್‌ಪಿ ಪ್ರೋಟೀನನ್ನ ಸೂಕ್ಷ್ಮವಾಗಿ ಅಳೆಯೋ ಎಚ್‌ಎಸ್-ಸಿಆರ್‌ಪಿ, ಆಕ್ಸಿಡೇಟಿವ್ ಸ್ಟ್ರೆಸ್‌ನಲ್ಲಿ ಕೊಬ್ಬು ಕೆಟ್ಟಾಗ ಹುಟ್ಟೋ ಎಂಡಿಎ, ಆ ಸ್ಟ್ರೆಸ್ ತಡೆಯೋ ಕಿಣ್ವ ಎಸ್‌ಒಡಿ. ಸಿಆರ್‌ಪಿ ಹೆಚ್ಚಿದ್ದವರ ಚೇತರಿಕೆ ಕಷ್ಟ ಅಂತ ಪೇಪರ್ ಮೇಲೆ ಪೇಪರ್ ಬಂದಿದೆ. ಎಂಡಿಎ ಅಂತೂ ಅಗ್ಗ. ಅದರ ಜೊತೆ ಬಣ್ಣ ಕೊಡೋ ರಾಸಾಯನಿಕ ಟಿಬಿಎ ಹಾಕಿ ಕುದಿಸಿ, ಆ ಬಣ್ಣವನ್ನ 532 ನ್ಯಾನೋಮೀಟರ್ ಬೆಳಕಿನಲ್ಲಿ ಓದಿದರೆ ಮುಗೀತು.

ಅಂಕಿಲೆಕ್ಕ: "ಮೊದಲ ದಿನವೇ" ಅಂದ್ರೆ ಎಷ್ಟನೇ ಗಂಟೆ ಸ್ವಾಮಿ? ಸಿಆರ್‌ಪಿ ಏರೋಕೆ ಶುರುವಾಗೋದೇ ಆರೇಳು ಗಂಟೆ ಕಳೆದ ಮೇಲೆ, ತುದಿ ಮುಟ್ಟೋದು ಸುಮಾರು 48 ಗಂಟೆಗೆ. 3ನೇ ಗಂಟೆಗೆ ಬಂದವರನ್ನೂ 20ನೇ ಗಂಟೆಗೆ ಬಂದವರನ್ನೂ ಒಂದೇ ಕಾಲಂಗೆ ತುಂಬಿದರೆ ನೀವು ಅಳೆಯೋದು ಉರಿಯೂತವನ್ನಲ್ಲ, ಆಂಬುಲೆನ್ಸ್ ಎಷ್ಟು ತಡವಾಯ್ತು ಅನ್ನೋದನ್ನ.

ಪಿಪೆಟ್ಟು: "532ರಲ್ಲಿ ಓದಿದರೆ ಮುಗೀತು" ಅಂತೆ! ಟಿಬಿಎ ಎಂಡಿಎಯನ್ನಷ್ಟೇ ಹಿಡಿಯಲ್ಲ ರೀ. ಸಿಯಾಲಿಕ್ ಆಮ್ಲ, ಸಕ್ಕರೆಗಳು ಎಲ್ಲವೂ ಅದರ ಜೊತೆ ಬಣ್ಣ ಕೊಡುತ್ತವೆ. ಸಿಯಾಲಿಕ್ ಆಮ್ಲದ ಬಣ್ಣದ ತುದಿ 549ರಲ್ಲಿ, ಆದರೆ ಅದರ ಬಾಲ 532ರವರೆಗೂ ಬರುತ್ತೆ. ಸ್ಟ್ರೋಕ್ ಆದವರಲ್ಲಿ ಉರಿಯೂತದಲ್ಲಿ ಏರೋ ಅಕ್ಯೂಟ್ ಫೇಸ್ ಪ್ರೋಟೀನ್‌ಗಳ ಜೊತೆ ಸಿಯಾಲಿಕ್ ಆಮ್ಲವೂ ಏರಿರುತ್ತೆ. ಅಂದ್ರೆ ಉರಿಯೂತವನ್ನೇ ಎರಡು ಸಲ ಅಳೆದು, ಒಂದಕ್ಕೆ ಆಕ್ಸಿಡೇಟಿವ್ ಸ್ಟ್ರೆಸ್ ಅಂತ ಚೀಟಿ ಅಂಟಿಸಿದ ಹಾಗಾಯ್ತು.

ಬಿಳಿಕೋಟು: ಕಂಟ್ರೋಲ್‌ಗಳಿಗೂ (ಹೋಲಿಕೆಗೆ ತೆಗೆದುಕೊಂಡ ಸ್ಟ್ರೋಕ್ ಆಗದವರಿಗೂ) ಅದೇ ಟಿಬಿಎ ತಾನೇ? ತಪ್ಪು ಎರಡೂ ಕಡೆ ಒಂದೇ ಥರ ಇದ್ದರೆ ವ್ಯತ್ಯಾಸ ನಿಜವೇ.

ಪಿಪೆಟ್ಟು: "ಎರಡೂ ಕಡೆ ಒಂದೇ ಥರ" ಅನ್ನೋದೇ ಸುಳ್ಳು. ರೋಗಿಯ ರಕ್ತ ಕ್ಯಾಶುಯಲ್ಟಿಯಲ್ಲಿ ಕ್ಯಾನುಲಾದಿಂದ ಎಳೆದದ್ದು, ಕಂಟ್ರೋಲ್‌ದು ಒಪಿಡಿಯಲ್ಲಿ ಕೂರಿಸಿ 21 ಗೇಜ್ ಸೂಜಿಯಲ್ಲಿ ನಿಧಾನವಾಗಿ ತೆಗೆದದ್ದು. ಹಿಮೊಲಿಸಿಸ್, ಅಂದ್ರೆ ಕೆಂಪು ರಕ್ತಕಣ ಒಡೆಯೋದು, ಯಾವ ಕಡೆ ಜಾಸ್ತಿ? ಸೀರಮ್ ತುಸು ಗುಲಾಬಿ ಇದ್ದರೂ ಹಿಮೋಗ್ಲೋಬಿನ್‌ನ ಹೀಮ್‌ನಲ್ಲಿರೋ ಕಬ್ಬಿಣ 95 ಡಿಗ್ರಿಯಲ್ಲಿ ಟ್ಯೂಬ್ ಒಳಗೇ ಲಿಪಿಡ್ ಪೆರಾಕ್ಸಿಡೇಶನ್ (ಕೊಬ್ಬು ಕೆಟ್ಟು ಎಂಡಿಎ ಹುಟ್ಟೋ ಕ್ರಿಯೆ) ನಡೆಸುತ್ತೆ.

ಸೆಂಟ್ರಿಫ್ಯೂಜ್: ಪ್ರೋಟೀನ್‌ಗಳನ್ನ ಕೆಳಗಿಳಿಸೋ ಆಮ್ಲ ಟಿಸಿಎ ಹಾಕಿದ ಮೇಲೆ ಹಿಮೋಗ್ಲೋಬಿನ್ ಕೆಳಗೆ ಕೂರುತ್ತೆ. ಆಮೇಲೆ ಬಣ್ಣವನ್ನ ಬ್ಯೂಟನಾಲ್ ಅನ್ನೋ ದ್ರಾವಕಕ್ಕೆ ಎಳೆದುಕೊಂಡರೆ ಮೇಲಿನ ಪದರ ತಿಳಿಯಾಗಿರುತ್ತೆ. ಸುಮ್ಮನೆ ಹೆದರಿಸಬೇಡಿ.

ಪಿಪೆಟ್ಟು: "ಕೆಳಗೆ ಕೂರುತ್ತೆ"! ನೀವು ಹೇಳ್ತಿರೋದು ಬಣ್ಣದ ಕಥೆ, ನಾನು ಹೇಳ್ತಿರೋದು ರಸಾಯನದ ಕಥೆ. ಕುದಿಸುವಾಗ ಹೊಸದಾಗಿ ಹುಟ್ಟಿದ ಎಂಡಿಎ ಕೂಡ ನಿಮ್ಮ ತಿಳಿ ಬ್ಯೂಟನಾಲ್‌ಗೇ ಬರುತ್ತೆ. ಅದಕ್ಕೇ ಕುದಿಸೋ ಮುಂಚೆ ಪೆರಾಕ್ಸಿಡೇಶನ್ ತಡೆಯೋ ಬಿಎಚ್‌ಟಿ ಹಾಕೋದು, ರಕ್ತವನ್ನ ಕಬ್ಬಿಣ ಹಿಡಿದಿಡೋ ಇಡಿಟಿಎ ಟ್ಯೂಬಿಗೆ ತೆಗೆಯೋದು. ಎಷ್ಟು ಥೀಸಿಸ್‌ಗಳ ಮೆಥಡ್ಸ್ ಪುಟದಲ್ಲಿ ಬಿಎಚ್‌ಟಿ ಅನ್ನೋ ಹೆಸರಿದೆ, ತೋರಿಸಿ ನೋಡೋಣ.

ಸೆಂಟ್ರಿಫ್ಯೂಜ್: "ಥೀಸಿಸ್" ಅಂತ ಕಾಲು ಎಳೆಯೋ ಅಗತ್ಯ ಇರಲಿಲ್ಲ. ಮೈನಸ್ 20ರ ಫ್ರೀಜರ್ ಮಾತ್ರ ಇರೋ ಜಾಗದಲ್ಲಿ ಕೆಲಸ ಮಾಡೋರಿಗೆ ಟಿಬಿಎ ಬಿಟ್ಟರೆ ಬೇರೆ ದಾರಿ ಏನಿದೆ?

ಪಿಪೆಟ್ಟು: ಮೈನಸ್ 20ರಲ್ಲಿ ತಿಂಗಳುಗಟ್ಟಲೆ ಇಟ್ಟರೆ ಪೆರಾಕ್ಸಿಡೇಶನ್ ನಿಲ್ಲಲ್ಲ ಮಾರಾಯ್ರೆ. ಮೈನಸ್ 80 ಬೇಕು. ಇಲ್ಲದಿದ್ದರೆ ಅವತ್ತಿಂದು ಅವತ್ತೇ ಮಾಡಿ. ಎಚ್‌ಪಿಎಲ್‌ಸಿ ಯಂತ್ರದಲ್ಲಿ ಎಂಡಿಎ ಒಂದನ್ನೇ ಬೇರ್ಪಡಿಸಿ ಓದಿದರೆ ಆರೋಗ್ಯವಂತರ ಎಂಡಿಎ ಸಾಮಾನ್ಯವಾಗಿ 1 ಮೈಕ್ರೋಮೋಲಾರ್‌ಗಿಂತ ಕಡಿಮೆ. ಟಿಬಿಎಯಲ್ಲಿ ಅದೇ ಜನಕ್ಕೆ 3, 4 ಅಂತ ಬರುತ್ತಲ್ಲ, ಆ ಹೆಚ್ಚಿನದು ಎಲ್ಲಿಂದ ಬಂತು?

ನರಮಂಡಲ: ಬ್ಯೂಟನಾಲ್ ಜಗಳ ಸಾಕು. ವಾರ್ಡಿನಲ್ಲಿ ಪ್ರಶ್ನೆ ಒಂದೇ, ರಿಸಲ್ಟ್ ಬಂದ ಮೇಲೆ ಏನು ಬದಲಾಗುತ್ತೆ? ಸ್ಟ್ರೋಕ್‌ಗೆಂದು ಪರೀಕ್ಷಿಸಿದ ಆಂಟಿಆಕ್ಸಿಡೆಂಟ್ ಔಷಧಿ ಎನ್‌ಎಕ್ಸ್‌ವೈ-059, 2006ರ ಸೇಂಟ್-1 ಟ್ರಯಲ್‌ನಲ್ಲಿ ಗೆದ್ದಂತೆ ಕಂಡಿತು, ಮರುವರ್ಷ 3,000ಕ್ಕೂ ಹೆಚ್ಚು ರೋಗಿಗಳ ಸೇಂಟ್-2ರಲ್ಲಿ ಬಿದ್ದುಹೋಯಿತು.

ಬಿಳಿಕೋಟು: "ಬಿದ್ದುಹೋಯಿತು" ಅನ್ನೋರು ಇನ್ನೊಂದು ಆಂಟಿಆಕ್ಸಿಡೆಂಟ್ ಎಡರಾವೋನ್ ಹೆಸರು ಯಾಕೆ ಎತ್ತಲ್ಲ? ಜಪಾನ್‌ನಲ್ಲಿ 2001ರಿಂದ ಅದು ಸ್ಟ್ರೋಕ್‌ಗೆ ಅಧಿಕೃತ. ಸಿಆರ್‌ಪಿ ವಿಷಯಕ್ಕೆ ಜ್ಯೂಪಿಟರ್ ಟ್ರಯಲ್ ನೋಡಿ: ಎಚ್‌ಎಸ್-ಸಿಆರ್‌ಪಿ ಲೀಟರ್‌ಗೆ 2 ಮಿಲಿಗ್ರಾಂ ಅಥವಾ ಮೇಲಿದ್ದವರಿಗೆ ಕೊಲೆಸ್ಟರಾಲ್ ಇಳಿಸೋ ರೋಸುವಾಸ್ಟಾಟಿನ್ 20 ಮಿಲಿಗ್ರಾಂ ಕೊಟ್ಟಾಗ ಸ್ಟ್ರೋಕ್ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು.

ನರಮಂಡಲ: ಜ್ಯೂಪಿಟರ್‌ನಲ್ಲಿದ್ದವರು ಸ್ಟ್ರೋಕ್ ಆಗದೇ ಇದ್ದವರು! ಸ್ಟ್ರೋಕ್ ಆದವರ ಲೆಕ್ಕ ಬೇಕಾದರೆ 2024ರ ಚಾನ್ಸ್-3 ಟ್ರಯಲ್ ಓದಿ. ಎಚ್‌ಎಸ್-ಸಿಆರ್‌ಪಿ 2 ಅಥವಾ ಮೇಲಿದ್ದ 8,300ಕ್ಕೂ ಹೆಚ್ಚು ಜನರಲ್ಲಿ ಅರ್ಧದಷ್ಟು ಮಂದಿಗೆ ಉರಿಯೂತ ಇಳಿಸೋ ಕೊಲ್ಚಿಸಿನ್, ಉಳಿದವರಿಗೆ ಪ್ಲಸೀಬೋ (ಔಷಧಿ ಇಲ್ಲದ ಮಾತ್ರೆ) 24 ಗಂಟೆಯೊಳಗೆ ಶುರು ಮಾಡಿದರು. 90 ದಿನಕ್ಕೆ ಹೊಸ ಸ್ಟ್ರೋಕ್ ಕೊಲ್ಚಿಸಿನ್ ಗುಂಪಿನಲ್ಲಿ 6.3%, ಪ್ಲಸೀಬೋದಲ್ಲಿ 6.5%. ರೋಗಿಗಳನ್ನ ಆರಿಸಿದ್ದು ನಿಮ್ಮ ಮಾರ್ಕರ್‌ನಿಂದಲೇ.

ಬಿಳಿಕೋಟು: ಔಷಧಿ ಸೋತರೆ ಮಾರ್ಕರ್ ಸೋತಂತೆ ಅಲ್ಲ. ಭವಿಷ್ಯ ಹೇಳೋದಕ್ಕಾದರೂ ಬೇಡವೇ?

ಅಂಕಿಲೆಕ್ಕ: "ಭವಿಷ್ಯ ಹೇಳೋದಕ್ಕೆ" ಸ್ಟ್ರೋಕ್‌ನ ತೀವ್ರತೆ ಅಳೆಯೋ ಎನ್‌ಐಎಚ್‌ಎಸ್‌ಎಸ್ ಸ್ಕೋರ್ ಮತ್ತು ವಯಸ್ಸು ಇದೆ, ಎರಡೂ ಬಿಟ್ಟಿ. ಇನ್ಫಾರ್ಕ್ಟ್ (ರಕ್ತ ಸಿಗದೆ ಸತ್ತ ಮೆದುಳಿನ ಭಾಗ) ದೊಡ್ಡದಾದಷ್ಟೂ ಸಿಆರ್‌ಪಿ ಏರುತ್ತೆ. ನುಂಗಲಾಗದೆ ಆಸ್ಪಿರೇಶನ್ ನ್ಯುಮೋನಿಯಾ ಆದರೂ, ಕ್ಯಾತಿಟರ್‌ನಿಂದ ಮೂತ್ರದ ಸೋಂಕಾದರೂ ಏರುತ್ತೆ. ಆ ಎರಡು ಬಿಟ್ಟಿ ಅಂಕಿಗಳ ಮೇಲೆ ಸಿಆರ್‌ಪಿ ಸೇರಿಸಿದಾಗ ಎಯುಸಿ (ಭವಿಷ್ಯ ಎಷ್ಟು ಸರಿಯಾಗಿ ಹೇಳುತ್ತೆ ಅನ್ನೋ ಅಳತೆ) ಎಷ್ಟು ಏರಿತು ಅಂತ ಬರೆಯಿರಿ, ಒಂಟಿ ಪಿ ವ್ಯಾಲ್ಯೂ ತೋರಿಸಬೇಡಿ.

ಸೆಂಟ್ರಿಫ್ಯೂಜ್: ಸೋಂಕು ಹಿಡಿಯೋಕಾದರೂ ಸಿಆರ್‌ಪಿ ಬೇಕು ಅಂತ ನೀವೇ ಒಪ್ಪಿಕೊಂಡಿರಿ. ಧನ್ಯವಾದ.

ಅಂಕಿಲೆಕ್ಕ: ಸೋಂಕಿನ ಅನುಮಾನಕ್ಕೆ ಮಾಮೂಲಿ ಸಿಆರ್‌ಪಿ ಸಾಕು, ಎಚ್‌ಎಸ್ ಬೇಡ. 10 ದಾಟಿದ ಎಚ್‌ಎಸ್-ಸಿಆರ್‌ಪಿಯನ್ನ ಹೃದಯದ ರಿಸ್ಕ್ ಕೋಷ್ಟಕದಲ್ಲಿ ಹುಡುಕೋದೇ ತಪ್ಪು.

ಪಿಪೆಟ್ಟು: ಬಿಎಚ್‌ಟಿ ಬಗ್ಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಸೆಂಟ್ರಿಫ್ಯೂಜ್: ಕೊಡೋದೂ ಇಲ್ಲ. ಬ್ಲಾಂಕ್‌ಗೆ (ಹೋಲಿಕೆಯ ಟ್ಯೂಬಿಗೆ) ಟಿಬಿಎ ಇಲ್ಲದ ಸ್ಯಾಂಪಲ್ ಇಟ್ಟು ಕಳೆದುಬಿಡಿ, ಆಯ್ತು.

ಪಿಪೆಟ್ಟು: ಆ ಬ್ಲಾಂಕ್ ಕಳೆಯೋದು ಸೀರಮ್‌ನ ಸ್ವಂತ ಬಣ್ಣವನ್ನ ಮಾತ್ರ. ಕುದಿಯುವಾಗ ಹುಟ್ಟೋ ಎಂಡಿಎಯನ್ನ ಅದು ಹೇಗೆ ಕಳೆಯುತ್ತೆ, ಹೇಳಿ?